ಎಡ ಪಕ್ಕೆಯ ಹೊಲಿಗೆ

ಭಾನುವಾರ, ನವೆಂಬರ್ ಹದಿನಾರು. ಬೆಳಿಗ್ಗೆ ಆರೂ ಮುಕ್ಕಾಲಿಗೆ ಬರೆಯಲು ಕೂತೆ. ಚಿತ್ತವಾಡ್ಗಿಯ ನಮ್ಮ ಮನೆಯೆದುರು ಆಟೋಗಳು ಇನ್ನೂ ಬಂದು ನಿಂತಿಲ್ಲ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಹಾಗಾಗಿ ಮಧ್ಯಾಹ್ನದವರೆಗೂ ಹಿಡಿಯಬಹುದು.

ನನಗೆ ಮೂವತ್ತಾರು ವರ್ಷ. ಈ ವಯಸ್ಸಿಗೆ ನಿವೃತ್ತಿಯ ಮಾತು ಆಡಿದರೆ ಯಾರಾದರೂ ನಗುತ್ತಾರೆ. ಆದರೆ ಪಶುವೈದ್ಯಳಾಗಿ ನನ್ನ ಕೆಲಸ ಮುಗಿದಿದೆ. ಕಂಪ್ಲಿ ಹತ್ತಿರ ಒಂದು ಆಕಳ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿತ್ತು. ಅದನ್ನು ನೆಟ್ಟಗೆ ಮಾಡುತ್ತಿದ್ದಾಗ, ನನ್ನ ಬಲಗೈ ಭುಜದವರೆಗೂ ಒಳಗಿದ್ದಂತೆಯೇ, ಆಕಳು ಕುಸಿದು ಬಿತ್ತು. ಕರು ಬದುಕಿತು, ಆಕಳೂ ಬದುಕಿತು. ನನ್ನ ತೋಳಿನ ನರ ಮಾತ್ರ ಮೊದಲಿನಂತೆ ಆಗಲಿಲ್ಲ. ಈಗ ಆ ಕೈ ಚಮಚ ಹಿಡಿಯುತ್ತದೆ, ಸೂಜಿ ಹಿಡಿಯುವುದಿಲ್ಲ.

ಈ ವರ್ಷ ಕೆಲಸಕ್ಕೆ ಸೇರುತ್ತಿರುವ ಕಿರಿಯರು ತಮ್ಮ ಪುಸ್ತಿಕೆಗೆ ಏನಾದರೂ ಬರೆದುಕೊಡಿ ಎಂದು ಕೇಳಿದರು. ಜೊತೆಗೆ ಒಂದು ಪ್ರಶ್ನೆಯನ್ನೂ ಇಟ್ಟರು: ಮೇಡಂ, ಯಾವ ವಿಭಾಗ ಆರಿಸಿಕೊಳ್ಳುವುದು ಒಳ್ಳೆಯದು?

ಊರಿನವರ ಕಣ್ಣಿಗೆ ನಾವೆಲ್ಲ ಒಂದೇ, ದನದ ಡಾಕ್ಟರು. ಆದರೆ ನನ್ನ ಜೊತೆ ಓದಿದವರನ್ನೇ ನೋಡಿ. ಒಬ್ಬ ಕೋಳಿ ಸಾಕಣೆಯ ಕಂಪನಿಯಲ್ಲಿದ್ದಾನೆ. ಅವನ ರೋಗಿಗಳಿಗೆ ಹೆಸರಿಲ್ಲ, ಶೆಡ್ಡಿಗೆ ನಂಬರಿದೆ. ಒಂದು ಕೋಳಿ ಸತ್ತರೆ ಕೊಯ್ದು ನೋಡಲು ಸಿಕ್ಕಿತೆಂದು ಸಮಾಧಾನ, ಹತ್ತು ಸತ್ತರೆ ಅವನಿಗೆ ಊಟ ಸೇರುವುದಿಲ್ಲ. ಇನ್ನೊಬ್ಬಳು ಕಾಡುಪ್ರಾಣಿಗಳ ಕಡೆ ಹೋದಳು. ಕರಡಿಗೆ ಅರಿವಳಿಕೆಯ ಸೂಜಿ ಹೊಡೆದು, ಅದು ಮಲಗುವವರೆಗೆ ಬಂಡೆಯ ಹಿಂದೆ ಉಸಿರು ಬಿಗಿಹಿಡಿದು ಕೂರುವುದು ಅವಳ ಕೆಲಸ. ಹಂಪಿಗೆ ಬಂದವರ ಕೈಯಿಂದ ಬಾಳೆಹಣ್ಣನ್ನು ಚೀಲದ ಸಮೇತ ಕಿತ್ತುಕೊಂಡು ನುಂಗಿದ ಕೋತಿಗೂ ಅವಳನ್ನೇ ಕರೆಯುತ್ತಾರೆ. ಮೂರನೆಯವನು ಪ್ರಯೋಗಾಲಯದಲ್ಲಿ ರಕ್ತದ ಗಾಜು ನೋಡುತ್ತಾನೆ, ಜೀವವಿರುವ ಪ್ರಾಣಿಯನ್ನು ಮುಟ್ಟಿ ವರ್ಷಗಳಾದವು. ಅವನ ಮೇಲೆ ನಮಗೆಲ್ಲ ಹೊಟ್ಟೆಕಿಚ್ಚು. ಅವನಿಗೆ ಒದೆ ಬೀಳುವುದಿಲ್ಲ.

ನಾನು ಶಸ್ತ್ರಚಿಕಿತ್ಸೆ ಆರಿಸಿಕೊಂಡೆ. ಮೊದಲು ಕೆಲಸ ಸಿಕ್ಕಿದ್ದು ಸಂಡೂರು ಕಡೆ. ಅಲ್ಲಿ ಕಬ್ಬಿಣದ ಅದಿರಿನ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಚಳಿಗಾಲದಲ್ಲಿ ಚಾಲಕರು ಹಳೆಯ ಟೈರು ಸುಟ್ಟು ಮೈ ಕಾಯಿಸಿಕೊಳ್ಳುತ್ತಾರೆ. ರಬ್ಬರು ಉರಿದುಹೋಗುತ್ತದೆ, ಟೈರಿನೊಳಗಿನ ಕೂದಲಿನಂತಹ ತಂತಿ ಬೂದಿಯಲ್ಲಿ ಉಳಿಯುತ್ತದೆ. ಗಾಳಿಗೆ ಹಾರಿ ಬಂದ ಹುಲ್ಲಿನ ಜೊತೆ ದನಗಳು ಅದನ್ನೂ ನುಂಗುತ್ತವೆ. ದನ ಅಗಿದು ತಿನ್ನುವುದಿಲ್ಲ, ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ತಂತಿ ಮಾತ್ರ ಮೆಲುಕಿಗೆ ಮೇಲೆ ಬರುವುದಿಲ್ಲ. ಹೊಟ್ಟೆಯ ಮುಂಭಾಗದಲ್ಲಿ ಜೇನುಗೂಡಿನಂತಹ ಒಂದು ಚೀಲವಿದೆ, ಅಲ್ಲಿ ಬಿದ್ದು ಚುಚ್ಚುತ್ತದೆ. ಅದರ ಆಚೆಗೇ ಹೃದಯ. ದನ ಮೇವು ಬಿಡುತ್ತದೆ, ಬೆನ್ನು ಬಾಗಿಸಿ ಮೊಣಕೈ ಹೊರಗೆ ಚಾಚಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಹೆಜ್ಜೆಯಿಡಲು ಅಳುಕುತ್ತದೆ. ಆಗ ಎಡ ಪಕ್ಕೆ ಕೊಯ್ದು, ಮೆಲುಕು ಚೀಲ ತೆರೆದು, ಕೈ ಒಳಗೆ ಹಾಕಿ ತಂತಿ ಹುಡುಕಿ ತೆಗೆಯಬೇಕು. ದಿನಚರಿ ಬರೆಯುವ ಅಭ್ಯಾಸ ನನಗೆ ಓದುವ ಕಾಲದಿಂದಲೂ ಇದೆ. ಏಳು ವರ್ಷಗಳಲ್ಲಿ ಇಂತಹ ಮೂವತ್ತೊಂದು ಹೊಟ್ಟೆ ತೆರೆದಿದ್ದೇನೆ. ತಂತಿ, ಮೊಳೆ, ಬೋಲ್ಟು, ಒಮ್ಮೆ ಬೆಳ್ಳಿಯ ಕಾಲುಂಗುರ. ಅದನ್ನು ಕಳೆದುಕೊಂಡಿದ್ದ ಸೊಸೆಯ ಜೊತೆ ಅತ್ತೆ ಆರು ತಿಂಗಳಿಂದ ಮಾತು ಬಿಟ್ಟಿದ್ದಳು.

ಮತ್ತೆ ತಂತಿ ನುಂಗಿದರೂ ಚುಚ್ಚದಿರಲಿ ಎಂದು ಬೆರಳು ಗಾತ್ರದ ಅಯಸ್ಕಾಂತವೊಂದನ್ನು ಆ ಚೀಲದೊಳಗೆ ಬಿಡುತ್ತೇವೆ. ದನ ಸಾಯುವವರೆಗೂ ಅದು ಅಲ್ಲೇ ಇದ್ದು ಕಬ್ಬಿಣವನ್ನೆಲ್ಲ ತನಗೆ ಅಂಟಿಸಿಕೊಳ್ಳುತ್ತದೆ. ದನದ ಹೊಟ್ಟೆಯಲ್ಲಿ ಅಯಸ್ಕಾಂತ ಈಗಾಗಲೇ ಇದೆಯೇ ಎಂದು ನೋಡಲು ಎಡ ಮೊಣಕೈಯ ಹಿಂದೆ ದಿಕ್ಸೂಚಿ ಹಿಡಿಯುತ್ತೇವೆ. ಇದ್ದರೆ ಮುಳ್ಳು ಆ ಕಡೆ ತಿರುಗುತ್ತದೆ.

ನಾನು ಹೊಸದಾಗಿ ಇದನ್ನು ಕಲಿತಾಗ ಒಂದು ಆಕಳಿಗೆ ದಿಕ್ಸೂಚಿ ಹಿಡಿದೆ. ಮುಳ್ಳು ಗಿರ್ರನೆ ತಿರುಗಿತು. ಅಯಸ್ಕಾಂತ ಇದೆ, ಇನ್ನೊಂದು ಬೇಡ ಎಂದು ಗಂಭೀರವಾಗಿ ಹೇಳಿದೆ. ನಮ್ಮ ಹಿರಿಯ ವೈದ್ಯರಾದ ವೀರಭದ್ರಪ್ಪ ಸರ್ ಪಕ್ಕದಲ್ಲೇ ನಿಂತಿದ್ದರು. ಆಕಳನ್ನು ಕಟ್ಟಿದ್ದ ಕಬ್ಬಿಣದ ಕಂಬವನ್ನು ಬೆರಳಿನಿಂದ ತಟ್ಟಿ ತೋರಿಸಿದರು. "ಇದನ್ನ ಮೊದಲು ಡಿಸ್ಚಾರ್ಜ್ ಮಾಡ್ರಿ ಮೇಡಂ. ಸಂಡೂರಾಗ ನೀವು ಹಿಂಗ ಮುಳ್ಳು ನೋಡ್ಕೋತ ಹೋದ್ರ ಗುಡ್ಡಾನೂ ಆಕಳ ಅಂತೀರಿ." ಗಾಡಿಯ ಚಾಲಕ, ಸಹಾಯಕ ಎರಡೂ ಆಗಿದ್ದ ಖಾಜಾಸಾಬ್ ವಾರಗಟ್ಟಲೆ ನನ್ನನ್ನು ನೋಡಿದಾಗಲೆಲ್ಲ ಗುಡ್ಡದ ಕಡೆ ನೋಡಿ ನಗುತ್ತಿದ್ದ.

ವೀರಭದ್ರಪ್ಪ ಸರ್ ಗರ್ಭದ ತಜ್ಞರು. ಕೈಯಿಟ್ಟು ನೋಡಿ ಎಷ್ಟು ತಿಂಗಳೆಂದು ಹೇಳುತ್ತಿದ್ದರು. ಈಗ ಆ ಕೆಲಸಕ್ಕೆ ಕೈಚೀಲದಷ್ಟು ಚಿಕ್ಕ ಸ್ಕ್ಯಾನ್ ಯಂತ್ರ ಬಂದಿದೆ, ಒಳ್ಳೆಯದೇ ಆಯಿತು. ಅವರು ನಮಗೆ ಕಲಿಸಿದ ಒಂದು ಪಾಠ ಯಾವ ಪುಸ್ತಕದಲ್ಲೂ ಇರಲಿಲ್ಲ. ಪ್ರಾಣಿಯ ಮೈ ಮುಟ್ಟುವ ಮುಂಚೆ "ಯಾರದು?" ಎಂದು ಕೇಳಬೇಕು, ಹತ್ತು ಜನರ ಎದುರು ಒಬ್ಬರು "ನಂದು" ಎನ್ನಬೇಕು, ಆಮೇಲೆ ಚಾಕು. ಇದಕ್ಕೆ ಕಾರಣವಿತ್ತು. ಮಲಪನಗುಡಿಯಲ್ಲಿ ಅಣ್ಣತಮ್ಮಂದಿರ ಪೈಕಿ ತಮ್ಮನಾದವನು ತಂದ ಎಮ್ಮೆಯ ಬಾವನ್ನು ಅವರು ಕೊಯ್ದಿದ್ದರು. ಸಂಜೆ ಅಣ್ಣ ಬಂದು, ಎಮ್ಮೆ ಇನ್ನೂ ಪಾಲಾಗಿಲ್ಲ, ನನ್ನನ್ನು ಕೇಳದೆ ಹೇಗೆ ಕೊಯ್ದಿರಿ ಎಂದು ಜಗಳಕ್ಕೆ ನಿಂತ. ಬಾವು ಯಾರ ಪಾಲಿಗೆ ಬಂದಿದೆ ಎಂದು ಮೊದಲು ತೀರ್ಮಾನಿಸಿಕೊಂಡು ಬನ್ನಿ ಎಂದು ಸರ್ ಇಬ್ಬರನ್ನೂ ಕಳಿಸಿದರಂತೆ. ಅಂದಿನಿಂದ ಈ ನಿಯಮ. ನಾನೂ ಅದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಈಗ ಹುಲಿಗೆಮ್ಮನ ವಿಷಯ. ನಾನು ಬರೆಯಲು ಕೂತಿರುವುದೇ ಇದಕ್ಕಾಗಿ.

ವಡ್ಡು ಎಂಬ ಹಳ್ಳಿ ದಾಟಿ ಸ್ವಲ್ಪ ದೂರದಲ್ಲಿರುವ ಊರು, ಹೆಸರು ಬರೆಯುವುದಿಲ್ಲ. ಲಾರಿಗಳು ನಿಲ್ಲುವ ರಸ್ತೆಯ ಬದಿಗೆ ಹುಲಿಗೆಮ್ಮನ ತಗಡಿನ ಶೆಡ್ಡು. ಚಾಲಕರಿಗೆ ಜೋಳದ ರೊಟ್ಟಿ, ಪಲ್ಯ ಮಾಡಿ ಹಾಕುತ್ತಾಳೆ. ಗಂಡನಿಲ್ಲ, ಹೊಲವಿಲ್ಲ, ಒಂದು ಕೋಣೆಯ ಮನೆ. ಬೆಳಿಗ್ಗೆ ಅವಳು ಉಳಿದ ಖಡಕ್ ರೊಟ್ಟಿಯನ್ನು ಮುರಿದು ಮುಸುರೆ ಬಕೆಟ್ಟಿಗೆ ಹಾಕುವ ಸದ್ದು ಕೇಳಿದರೆ ಸಾಕು, ಊರಮ್ಮನ ಕೋಣ ಎಲ್ಲಿದ್ದರೂ ಬಂದು ನಿಲ್ಲುತ್ತಿತ್ತು.

ಊರಮ್ಮನ ಕೋಣ ಎಂದರೆ ಊರ ದೇವಿಗೆ ಬಿಟ್ಟ ಕೋಣ. ಆ ಊರಲ್ಲಿ ಬಲಿ ನಿಂತು ಬಹಳ ಕಾಲವಾಗಿತ್ತು, ಕೋಣ ಬಿಡುವ ರೂಢಿ ಮಾತ್ರ ಉಳಿದಿತ್ತು. ಒಮ್ಮೆ ಬಿಟ್ಟರೆ ಅದಕ್ಕೆ ಹಗ್ಗವಿಲ್ಲ, ಮೂಗುದಾರವಿಲ್ಲ. ಯಾರ ಹೊಲದಲ್ಲಿ ಮೇಯ್ದರೂ ಬೈಯುವಂತಿಲ್ಲ. ತಾನಾಗಿ ಸತ್ತರೆ ಊರೆಲ್ಲ ಸೇರಿ ಹಲಗೆ ಬಾರಿಸಿಕೊಂಡು ಹೋಗಿ ಮಣ್ಣು ಮಾಡುತ್ತಾರೆ. ಮೈಯಲ್ಲಿ ಊನ ಇರಬಾರದು ಎಂಬುದೊಂದೇ ಷರತ್ತು.

ಒಂದು ಶುಕ್ರವಾರ ಹುಲಿಗೆಮ್ಮ ಲಾರಿ ಚಾಲಕನೊಬ್ಬನ ಫೋನಿನಿಂದ ನನಗೆ ವಿಡಿಯೋ ಕಳಿಸಿದಳು. ಕೋಣ ಬೆನ್ನು ಬಾಗಿಸಿ, ಮೊಣಕೈ ಹೊರಗೆ ಚಾಚಿ ನಿಂತಿತ್ತು. ನಾನೂ ಖಾಜಾಸಾಬನೂ ಹೋದೆವು. ಹೆಗಲ ಹಿಂದೆ ಚರ್ಮ ಹಿಡಿದು ಹಿಂಡಿದಾಗ ಅದು ನರಳಿತು. ತಂತಿಯೇ. ಮೂರು ದಿನದಿಂದ ಮೇವು ಮುಟ್ಟಿರಲಿಲ್ಲ. ಇನ್ನು ಕಾದರೆ ತಂತಿ ಹೃದಯಕ್ಕೆ ಹೋಗುತ್ತದೆ ಎಂದೆ.

ಹುಲಿಗೆಮ್ಮ ತನ್ನ ಶೆಡ್ಡಿನ ಎದುರಿನ ಬೂದಿಯ ಗುಡ್ಡೆ ತೋರಿಸಿದಳು. ಚಾಲಕರು ಟೈರು ಸುಟ್ಟ ಜಾಗ. ಕೋಣ ಮುಸುರೆಗೆ ಕಾಯುತ್ತ ಅಲ್ಲೇ ಬಾಯಾಡಿಸುತ್ತಿತ್ತಂತೆ.

"ನನ್ ಮನಿ ಮುಂದ ನುಂಗೈತ್ರಿ ಡಾಕ್ಟ್ರಮ್ಮ," ಎಂದಳು.

ಅಷ್ಟರಲ್ಲಿ ಊರಗೌಡರು, ಊರಮ್ಮನ ಪೂಜಾರಿ ದುರ್ಗಪ್ಪ ಮತ್ತು ಒಂದಷ್ಟು ಜನ ಬಂದರು. ಯಾರೂ ಕೆಟ್ಟವರಲ್ಲ. ಗೌಡರು ತಮ್ಮ ಕೊಡೆ ಬಿಚ್ಚಿ ಕೋಣದ ತಲೆಗೆ ನೆರಳು ಹಿಡಿದು ನಿಂತರು. ಎಲ್ಲರ ಮುಖವೂ ಬಾಡಿತ್ತು. ಕೊಯ್ಯಬೇಕು ಎಂದಾಗ ಮಾತ್ರ ಎಲ್ಲರೂ ಪೂಜಾರಿಯ ಕಡೆ ನೋಡಿದರು. ಕೊನೆಗೆ ಪೂಜಾರಿ, ಮಂಗಳವಾರ ಅಮ್ಮನ ಮುಡಿಗೆ ಹೂ ಏರಿಸಿ ಕೇಳೋಣ, ಬಲಗಡೆ ಬಿದ್ದರೆ ಕೊಯ್ಯಿರಿ ಎಂದ. ಮಂಗಳವಾರದವರೆಗೆ ಇದು ಇರುವುದಿಲ್ಲ ಎಂದೆ.

"ನಿಮ್ದೂ ಖರೇ ಐತ್ರಿ," ಎಂದ ಅವನು. "ಆದ್ರ ನಾ ಇವತ್ತು ಹೂಂ ಅಂದ್ರ, ನಾಳಿ ಊರಾಗ ಒಂದ್ ಕೂಸಿಗೆ ಜ್ವರ ಬಂದ್ರೂ ನನ್ನ ಮನಿ ಬಾಗ್ಲಿಗೇ ಬರ್ತಾರ. ನಾ ಏನಂತ ಹೇಳ್ಲಿ?"

ಹಾಗಾದರೆ ಇದು ಯಾರದು, ಯಾರಾದರೂ ಒಬ್ಬರು ನಂದು ಎನ್ನದೆ ನಾನು ಚಾಕು ಇಡುವಂತಿಲ್ಲ ಎಂದೆ. ಎಲ್ಲ ಕಡೆ ಕೇಳುವ ಪ್ರಶ್ನೆಯನ್ನೇ ಅಲ್ಲೂ ಕೇಳಿದೆ.

ಹುಲಿಗೆಮ್ಮ ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟಳು.

"ನಂದ," ಎಂದಳು. "ನಂದ ಅಂತ ತಿಳ್ಕೊಂಡು ಕೊಯ್ರಿ."

"ಹುಲಿಗೆಮ್ಮ, ನೋಡಿ ಮಾತಾಡವ್ವ," ಎಂದ ಪೂಜಾರಿ.

"ಏನ್ ನೋಡ್ಲಿ? ದಿನಾ ಮುಸುರಿ ಇಟ್ಟಾಕಿ ನಾನು. ಅಮ್ಮ ಬಂದು ಇಟ್ಟಿಲ್ಲ."

ಗೌಡರು ಕೊಡೆ ಮಡಿಚಿದರು. "ಆತು ಬಿಡ್ರಿ. ಎಲ್ಲಾರೂ ಕೇಳಿದ್ರಲ್ಲ," ಎಂದು ಹಿಂದೆ ಸರಿದು ನಿಂತರು. ದಾರಿ ಬಿಟ್ಟರು ಎಂದು ನಾನು ತಿಳಿದುಕೊಂಡೆ. ಬೇಗ ಸಾಬೂನು ಹಚ್ಚಿ ಕೈ ತೊಳೆಯತೊಡಗಿದೆ.

ಎರಡು ಬೇವಿನ ಮರಗಳ ನಡುವೆ ಬೊಂಬು ಕಟ್ಟಿ ಕೋಣವನ್ನು ನಿಲ್ಲಿಸಿದೆವು. ಹಗ್ಗ ಕಂಡರಿಯದ ಪ್ರಾಣಿ. ಹುಲಿಗೆಮ್ಮ ಮುಂದೆ ನಿಂತು ರೊಟ್ಟಿ ಮುರಿದು ಸದ್ದು ಮಾಡುತ್ತಲೇ ಇದ್ದಳು. ತಿನ್ನಲಾಗದಿದ್ದರೂ ಅದು ಕಿವಿ ಅತ್ತಲೇ ಇಟ್ಟುಕೊಂಡಿತ್ತು. ಮರಗಟ್ಟಿಸುವ ಸೂಜಿ ಕೊಟ್ಟು ಎಡ ಪಕ್ಕೆಯಲ್ಲಿ ಒಂದು ಗೇಣು ಕೊಯ್ದೆ. ಮೆಲುಕು ಚೀಲ ತೆರೆದು ಬಲಗೈ ಒಳಗೆ ಹಾಕಿದೆ. ಆ ಕೆಲಸದಲ್ಲಿ ಕಣ್ಣು ಏನೂ ಮಾಡುವುದಿಲ್ಲ, ಬೆರಳುಗಳೇ ನೋಡಬೇಕು. ಬಿಸಿ ಮೇವಿನ ಅಡಿಯಿಂದ ಮುಂದಕ್ಕೆ, ಜೇನುಗೂಡಿನ ಗೋಡೆಗೆ ಬೆರಳು ತಾಗಿತು. ಅದರ ಆಚೆಗೆ ಹೃದಯ ಬಡಿಯುವುದು ಗೊತ್ತಾಗುತ್ತಿತ್ತು. ಆ ಬಡಿತದ ದಿಕ್ಕಿಗೇ ಮುಖ ಮಾಡಿ ತಂತಿ ನಾಟಿತ್ತು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆದೆ. ಅಯಸ್ಕಾಂತ ಒಳಗೆ ಬಿಟ್ಟೆ. ಹೊಲಿದೆ.

ನನ್ನ ಕೈಯಿಂದ ಆದ ಅತ್ಯುತ್ತಮ ಕೆಲಸ ಅದು. ಅದನ್ನು ಈಗಲೂ ಹಾಗೆಂದೇ ಬರೆಯುತ್ತೇನೆ. ಮೂರನೆಯ ದಿನ ಹುಲಿಗೆಮ್ಮ ಫೋನು ಮಾಡಿಸಿ, ಅರ್ಧ ರೊಟ್ಟಿ ತಿಂದಿತು ಎಂದಳು. ಗಾಡಿಯಲ್ಲಿ ಖಾಜಾಸಾಬ್ ಹಾರ್ನು ಬಾರಿಸಿದ.

ಹೊಲಿಗೆ ಬಿಚ್ಚಲು ಹೋದ ದಿನ ಕೋಣ ಬೀದಿಯಲ್ಲಿರಲಿಲ್ಲ. ಹುಲಿಗೆಮ್ಮನ ಶೆಡ್ಡಿನ ಪಕ್ಕ ಗೂಟಕ್ಕೆ ಕಟ್ಟಿತ್ತು. ಮೂಗುದಾರ ಹೊಸದು, ಮೂಗಿನ ಹೊಳ್ಳೆಯಲ್ಲಿ ರಕ್ತ ಒಣಗಿತ್ತು.

ಯಾಕೆ ಕಟ್ಟಿದೆ ಎಂದು ಕೇಳಿದೆ. "ಈಗ ನಂದ ಆತಲ್ರೀ," ಎಂದಳು. "ಮತ್ತೊಬ್ಬರ ಹೊಲಕ್ಕ ಹೆಂಗ ಬಿಡ್ಲಿ?"

ನಾನು ನೇರವಾಗಿ ಗೌಡರ ಮನೆಗೆ ಹೋದೆ. ಕುಂದ್ರಿ ಎಂದು ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ಆಕೆ ಹಾಗೆ ಹೇಳಿದ್ದು ಕೋಣ ಉಳಿಯಲಿ ಎಂದು, ಕೇಳಿದ್ದು ನಾನು, ಅದು ನಮ್ಮ ಆಸ್ಪತ್ರೆಯ ರೂಢಿ ಅಷ್ಟೇ ಎಂದು ವಿವರಿಸಿದೆ. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿದರು.

"ಆಕಿ ಮ್ಯಾಲೆ ಯಾರ್ಗೂ ಸಿಟ್ಟಿಲ್ರಿ," ಎಂದರು. "ಆದ್ರ ಅಷ್ಟು ಮಂದಿ ಮುಂದ ನಂದು ಅಂದ್ಲು. ಅಮ್ಮನ ಒಡವಿ ಒಬ್ರದು ಅಂತ ಆದ ಮ್ಯಾಲೆ ಮತ್ತ ಅಮ್ಮಗ ಹೆಂಗ ಕೊಡೂದು? ಮ್ಯಾಲೆ ಪಕ್ಕಿಗೆ ಗಾಯದ ಗುರ್ತು ಬ್ಯಾರೆ. ನಿಮ್ಮ ರೂಢಿ ನಿಮಗ ಐತಿ, ನಮ್ಮದು ನಮಗ. ಚಾ ಕುಡೀರಿ, ಆರ್ತೈತಿ."

ಊರವರು ಬೇರೊಂದು ಕೋಣಗರುವನ್ನು ಅಮ್ಮನಿಗೆ ಬಿಟ್ಟರು. ಹುಲಿಗೆಮ್ಮ ತನ್ನ ಕೋಣಕ್ಕೆ ಕರಿಯ ಎಂದು ಹೆಸರಿಟ್ಟಳು. ಊರಮ್ಮನದಾಗಿದ್ದಷ್ಟು ದಿನ ಅದಕ್ಕೆ ಹೆಸರೇ ಇರಲಿಲ್ಲ. ಕಂಪ್ಲಿ ಕಡೆಯಿಂದ ಬರುವ ಲಾರಿಗಳಲ್ಲಿ ಭತ್ತದ ಹುಲ್ಲು ತರಿಸಿದಳು. ಒಂದು ಶೆಡ್ಡಿನ ರೊಟ್ಟಿಯ ಗಳಿಕೆ ಒಂದು ಕೋಣದ ಹೊಟ್ಟೆಗೆ ಯಾವ ಮೂಲೆಗೂ ಸಾಲದು. ಆದರೆ ಕಷ್ಟ ಅದೊಂದೇ ಅಲ್ಲ ಎಂದು ಅವಳು ಹೇಳಿದಳು. ಕರಿಯ ಹುಲ್ಲಿಗೆ ಬೆನ್ನು ತಿರುಗಿಸಿ ಇಡೀ ದಿನ ರಸ್ತೆಯ ಕಡೆ ಮುಖ ಮಾಡಿ ನಿಲ್ಲುತ್ತಿತ್ತು. ಹೊಸ ಕೋಣಗರು ಊರೆಲ್ಲ ತಿರುಗಿ ಮುಸುರೆಯ ವಾಸನೆಗೆ ಶೆಡ್ಡಿನ ಹತ್ತಿರ ಬರುತ್ತಿತ್ತು. ಆಗ ಇದು ಹಗ್ಗ ಜಗ್ಗಿ ಜಗ್ಗಿ ಮೂಗು ಹರಿದುಕೊಳ್ಳುತ್ತಿತ್ತು. ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ಮೂಗಿಗೆ ಮುಲಾಮು ಹಚ್ಚಿ ಬರುತ್ತಿದ್ದೆ. ಪಕ್ಕೆಯ ಹೊಲಿಗೆ ಚೆನ್ನಾಗಿ ಕೂಡಿತ್ತು. ಅದನ್ನು ನೋಡಿ ಸಂತೋಷಪಡಲು ಆಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಒಮ್ಮೆ ಹೋದಾಗ ಗೂಟದಲ್ಲಿ ಹಗ್ಗ ಮಾತ್ರ ಇತ್ತು.

ಹುಲಿಗೆಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮಾರಿಲ್ರಿ ಮತ್ತ. ಹಂಗ ಅನ್ಕೋಬ್ಯಾಡ್ರಿ," ಎಂದಳು. ಖಾಲಿ ಹೋಗುತ್ತಿದ್ದ ಲಾರಿಯೊಂದಕ್ಕೆ ಹತ್ತಿಸಿ, ಕಂಪ್ಲಿ ಹತ್ತಿರ ಹೊಳೆಯ ದಂಡೆಯಲ್ಲಿ ಇಳಿಸಿ ಬಿಡಲು ಹೇಳಿದ್ದಳು. ಮೂಗುದಾರವನ್ನು ತಾನೇ ಕೊಯ್ದು ತೆಗೆದಿದ್ದಳು. ಅಲ್ಲಿ ಹಸಿರಿದೆ, ನೀರಿದೆ, ಟೈರು ಸುಡುವವರಿಲ್ಲ. "ಅಲ್ಲಿ ಯಾರ್ಗೂ ಅದರ ಕತಿ ಗೊತ್ತಿಲ್ಲ. ಗೊತ್ತಿಲ್ಲದಿದ್ರ ಛಲೋ ಅಲ್ರಿ?"

ಕಂಪ್ಲಿಯ ರೈತರು ನಾಟಿ ಮಾಡಿದ ಗದ್ದೆಗೆ ಒಡೆಯನಿಲ್ಲದ ಕೋಣ ಇಳಿದರೆ ಏನು ಮಾಡುತ್ತಾರೆ ಎಂದು ನನಗೆ ಗೊತ್ತಿತ್ತು. ಊರಮ್ಮನ ಹೆಸರಿದ್ದಾಗ ಯಾವ ಬೆಳೆಗೂ ಬಾಯಿ ಹಾಕಿ ಬೆಳೆದ ಪ್ರಾಣಿ ಅದು. ಬೇಲಿ ಎಂದರೇನೆಂದು ಅದಕ್ಕೆ ತಿಳಿಯದು. ನಾನು ಇದನ್ನು ಹುಲಿಗೆಮ್ಮನಿಗೆ ಹೇಳಲಿಲ್ಲ. ಅವಳಿಗೂ ತಿಳಿದೇ ಇತ್ತು ಎನಿಸುತ್ತದೆ. ಹೊರಡುವಾಗ, "ಆ ಕಡಿ ಹೋದ್ರ ಒಂದೀಟು ನೋಡ್ರಿ," ಎಂದಳು. ಆಮೇಲೆ ಪ್ರತಿ ಸಲವೂ ಅದನ್ನೇ ಹೇಳಿದಳು.

ಕಂಪ್ಲಿ ನನ್ನ ಪಾಲಿನ ದಾರಿಯಾಗಿರಲಿಲ್ಲ. ಆ ಕಡೆಯ ಕರೆಗಳನ್ನೂ ಕೇಳಿ ಹಾಕಿಸಿಕೊಂಡೆ. ಭತ್ತದ ಗದ್ದೆ, ಕಾಲುವೆ, ಇಟ್ಟಿಗೆ ಗೂಡು, ಎಮ್ಮೆಗಳು ಮುಳುಗುವ ಮಡುವು, ಎಲ್ಲಿ ಕರೆ ಬಂದರೂ ಖಾಜಾಸಾಬ್ ಸುತ್ತು ದಾರಿ ಹಿಡಿಯುತ್ತಿದ್ದ. ಕೋಣಗಳು ಬೇಕಾದಷ್ಟು ಕಂಡವು. ಇಬ್ಬರೂ ಎಡ ಪಕ್ಕೆ ನೋಡುತ್ತಿದ್ದೆವು. ಅಂತಹ ಒಂದು ಕರೆಗೆ ಹೋದಾಗಲೇ ಆ ಆಕಳು ನನ್ನ ಕೈಯ ಮೇಲೆ ಕೂತಿದ್ದು.

ಕೆಲಸ ಬಿಟ್ಟ ಮೇಲೆ ವೀರಭದ್ರಪ್ಪ ಸರ್ ಮನೆಗೆ ಬಂದಿದ್ದರು. ನನ್ನ ಬಲಗೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು ಬೆರಳು ಒಂದೊಂದಾಗಿ ಮಡಿಚಿ ನೋಡಿದರು. ಅವರಿಗೆ ಕರಿಯನ ವಿಷಯವೆಲ್ಲ ಗೊತ್ತು.

"ಯಾರದು ಅಂತ ಕೇಳ್ರಿ ಅಂತ ನಾನ ಕಲಿಸಿದ್ದೆ," ಎಂದರು. "ಮೂವತ್ತು ವರ್ಷ ಕೇಳೀನಿ. ಆ ಉತ್ರ ಆಸ್ಪತ್ರಿಯಿಂದ ಹೊರಗ ಹೋಗಿ ಏನ್ ಮಾಡ್ತೈತಿ ಅಂತ ನಾನೂ ಯಾವತ್ತೂ ನೋಡಿಲ್ಲ."

ಹಾಗೆಂದು ಕೇಳದೆ ಕೊಯ್ಯಬೇಕಿತ್ತೇ ಎಂದು ನಾನು ಕೇಳಿದೆ. ಅವರು ಬೆರಳು ಮಡಿಚುತ್ತಲೇ ಇದ್ದರು. ಮಂಗಳವಾರದವರೆಗೆ ಕಾದಿದ್ದರೆ ಅದು ಊರಮ್ಮನ ಕೋಣವಾಗಿಯೇ ಸಾಯುತ್ತಿತ್ತು, ಹಲಗೆ ಬಾರಿಸಿ ಊರೆಲ್ಲ ಅಳುತ್ತಿತ್ತು. ಈಗ ಎಲ್ಲೋ ಬದುಕಿದೆ, ಅಥವಾ ಇಲ್ಲ. ಯಾವುದು ಮೇಲು ಎಂದು ಎಷ್ಟು ಸಲ ಯೋಚಿಸಿದರೂ ನನಗೆ ಬಗೆಹರಿಯುವುದಿಲ್ಲ. ಯಾವ ವಿಭಾಗ ಆರಿಸಿಕೊಳ್ಳಬೇಕು ಎಂಬ ನಿಮ್ಮ ಪ್ರಶ್ನೆಗೂ ಹಾಗಾಗಿ ನಾನು ಉತ್ತರ ಹೇಳಲಾರೆ. ಕೋಳಿಯೋ, ಕರಡಿಯೋ, ಗಾಜಿನ ಮೇಲಿನ ರಕ್ತವೋ, ನಿಮ್ಮ ಇಷ್ಟ.

ಗಂಟೆ ಹನ್ನೆರಡಾಗುತ್ತ ಬಂತು. ಕೈ ಸೋತಿದೆ. ಹೋದ ವಾರ ಖಾಜಾಸಾಬ್ ಆ ಕಡೆ ಹೋಗಿದ್ದ. ಹುಲಿಗೆಮ್ಮ ಈಗಲೂ ಬೆಳಿಗ್ಗೆ ಮುಸುರೆಗೆ ರೊಟ್ಟಿ ಮುರಿಯುವಾಗ ಒಂದು ಕ್ಷಣ ಕೈ ನಿಲ್ಲಿಸಿ ರಸ್ತೆ ನೋಡುತ್ತಾಳಂತೆ. ಟೈರು ಸುಡುವವರನ್ನು ಶೆಡ್ಡಿನ ಹತ್ತಿರ ಬಿಡುವುದಿಲ್ಲವಂತೆ.

ನಿಮ್ಮಲ್ಲಿ ಯಾರಿಗಾದರೂ ಕಂಪ್ಲಿ ಕಡೆ ಕೆಲಸ ಬಿದ್ದರೆ, ಅಥವಾ ಇದನ್ನು ಓದುವ ರೈತರಿಗೆ ಗೊತ್ತಿದ್ದರೆ, ನನಗೆ ಈ ಪುಸ್ತಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ದೊಡ್ಡ ಕೋಣ, ಮೂಗು ಹರಿದಿದೆ, ಎಡ ಪಕ್ಕೆಯಲ್ಲಿ ಒಂದು ಗೇಣು ಉದ್ದದ ಹೊಲಿಗೆಯ ಗುರುತಿದೆ. ಗುರುತು ಮಾಸಿದ್ದರೆ ಖಡಕ್ ರೊಟ್ಟಿಯೊಂದನ್ನು ಅದರ ಹಿಂದೆ ನಿಂತು ಮುರಿಯಿರಿ, ಕಿವಿ ತಿರುಗಿಸುತ್ತದೆ. ಆಗಲೂ ಅನುಮಾನವಿದ್ದರೆ ಕಬ್ಬಿಣದ ಕಂಬದಿಂದ ದೂರ ಕರೆದೊಯ್ದು ಎಡ ಮೊಣಕೈಯ ಹಿಂದೆ ದಿಕ್ಸೂಚಿ ಹಿಡಿಯಿರಿ. ಮುಳ್ಳು ಅದರ ಕಡೆ ತಿರುಗಿದರೆ, ದಯವಿಟ್ಟು ಯಾರದು ಎಂದು ಯಾರನ್ನೂ ಕೇಳಬೇಡಿ. ಎಲ್ಲಿದೆ, ಮೇಯುತ್ತಿದೆಯೇ, ಅಷ್ಟು ಮಾತ್ರ ಬರೆಯಿರಿ.